ಮೆಷಿನ್ ಲರ್ನಿಂಗ್‌ನ ಗಣಿತದಲ್ಲಿ ಪಿಎಚ್‌ಡಿ: ಬೈಕುಲ್ಲಾದಿಂದ ಯಾವ ದಿಕ್ಕಿನ ರೈಲು ಹತ್ತಬೇಕು? ಇಲ್ಲಿದೆ ಪೂರ್ಣ ಮಾಹಿತಿ

ಮುಂಬೈ: ಬೈಕುಲ್ಲಾ ಸ್ಟೇಷನ್‌ನಿಂದ ದಕ್ಷಿಣಕ್ಕೆ ಮೂರನೇ ನಿಲ್ದಾಣ ಸಿಎಸ್‌ಎಂಟಿ. ಅಲ್ಲಿ ಇಳಿದು ಬಸ್ ಹಿಡಿದರೆ ಕೊಲಾಬಾದ ನೇವಿ ನಗರದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್ ಸಿಗುತ್ತದೆ. ಉತ್ತರಕ್ಕೆ ಸ್ಲೋ ಲೋಕಲ್ ಹತ್ತಿ ಕಾಂಜುರ್‌ಮಾರ್ಗ್‌ನಲ್ಲಿ ಇಳಿದರೆ ಪವಾಯಿಯ ಐಐಟಿ ಬಾಂಬೆಗೆ ಆಟೋ ದಾರಿ. ದೇಶದಲ್ಲಿ ಗಣಿತದ ಸಂಶೋಧನೆಗೆ ಹೆಸರಾದ ಎರಡು ಸಂಸ್ಥೆಗಳು ಒಂದೇ ರೈಲು ಮಾರ್ಗದ ಎರಡು ದಿಕ್ಕಿನಲ್ಲಿವೆ. ಮನೆ ಬಿಟ್ಟು ಹಾಸ್ಟೆಲ್ ಸೇರದೆಯೇ ಪಿಎಚ್‌ಡಿ ಮಾಡುವ ಅವಕಾಶ ಬೈಕುಲ್ಲಾದ ವಿದ್ಯಾರ್ಥಿಗಿದೆ.

ಎಐ ಕಾಲದಲ್ಲಿ ಬಿಎಸ್‌ಸಿ, ಎಂಎಸ್‌ಸಿ ಗಣಿತ ಓದಿದವರ ಮನೆಗಳಲ್ಲಿ ಈಗ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಒಂದೇ. ಎಂಜಿನಿಯರಿಂಗ್ ಓದದವರಿಗೆ ಮೆಷಿನ್ ಲರ್ನಿಂಗ್‌ನಲ್ಲಿ ಜಾಗ ಇದೆಯೇ? ಇದೆ. ಆದರೆ 'ಮೆಷಿನ್ ಲರ್ನಿಂಗ್‌ನ ಗಣಿತ' ಎಂಬ ಬೋರ್ಡ್ ಹಾಕಿದ ಪಿಎಚ್‌ಡಿ ವಿಭಾಗವನ್ನೇ ಹುಡುಕುತ್ತಾ ಕೂತರೆ ಸಿಗುವುದು ಕಷ್ಟ. ಇದೇ ಕೆಲಸ ಒಂದು ಕಡೆ ಗಣಿತ ವಿಭಾಗದಲ್ಲಿ, ಇನ್ನೊಂದು ಕಡೆ ಕಂಪ್ಯೂಟರ್ ಸೈನ್ಸ್‌ನಲ್ಲಿ, ಮತ್ತೊಂದು ಕಡೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತಿದೆ. ಯಾವ ಬಾಗಿಲು ತಟ್ಟಬೇಕು ಎಂದು ಗೊತ್ತಿಲ್ಲದೆ ಅರ್ಜಿ ಹಾಕುವ ಒಂದು ವರ್ಷವೇ ಕೈತಪ್ಪಬಹುದು.

ಇಷ್ಟಕ್ಕೂ ಇದರಲ್ಲಿ ಗಣಿತ ಎಲ್ಲಿದೆ?

ಒಂದು ಸಣ್ಣ ಲೆಕ್ಕ ನೋಡೋಣ. ಎಕ್ಸ್‌ನ ವರ್ಗ ಅತಿ ಕಡಿಮೆ ಆಗುವುದು ಎಕ್ಸ್ ಸೊನ್ನೆ ಆದಾಗ. ಇದು ಹೈಸ್ಕೂಲ್ ಹುಡುಗರಿಗೂ ಗೊತ್ತು. ಆದರೆ ಕಂಪ್ಯೂಟರ್‌ಗೆ ಗೊತ್ತಿಲ್ಲ ಎಂದುಕೊಳ್ಳಿ. ಅದು ತಾನು ನಿಂತ ಜಾಗದಲ್ಲಿ ಇಳಿಜಾರು ಎಷ್ಟಿದೆ ಎಂದು ನೋಡಿ, ಕೆಳಮುಖವಾಗಿ ಒಂದು ಹೆಜ್ಜೆ ಇಡುತ್ತದೆ. ಮತ್ತೆ ನೋಡುತ್ತದೆ, ಮತ್ತೆ ಹೆಜ್ಜೆ. ಇದಕ್ಕೆ ಗ್ರೇಡಿಯಂಟ್ ಡಿಸೆಂಟ್ ಎನ್ನುತ್ತಾರೆ. ಇಂದಿನ ಚಾಟ್‌ಬಾಟ್‌ಗಳವರೆಗೆ ಬಹುತೇಕ ಎಲ್ಲಾ ಮಾಡೆಲ್‌ಗಳ ತರಬೇತಿಯ ಹಿಂದೆ ಇರುವುದು ಇದೇ ಉಪಾಯದ ರೂಪಾಂತರಗಳು.

ಹೆಜ್ಜೆಯ ಅಳತೆ 0.1 ಎಂದಿಟ್ಟರೆ, ಪ್ರತಿ ಸಲ ಎಕ್ಸ್‌ನ ಬೆಲೆ ಹಿಂದಿನದರ 0.8 ಪಟ್ಟು ಆಗುತ್ತದೆ. ಹಾಗಾಗಿ ನಿಧಾನವಾಗಿ ಸೊನ್ನೆಯ ಕಡೆ ಇಳಿಯುತ್ತದೆ. ಅಳತೆಯನ್ನು 1 ಎಂದಿಟ್ಟರೆ? ಎಕ್ಸ್ 5 ಇದ್ದದ್ದು ಮೈನಸ್ 5 ಆಗುತ್ತದೆ, ಮತ್ತೆ 5, ಮತ್ತೆ ಮೈನಸ್ 5. ಜೋಕಾಲಿಯಂತೆ ಆಚೆ ಈಚೆ, ಎಲ್ಲಿಗೂ ತಲುಪುವುದಿಲ್ಲ. 1.1 ಎಂದಿಟ್ಟರೆ ಪ್ರತಿ ಹೆಜ್ಜೆಗೂ ಗುರಿಯಿಂದ ದೂರ ಓಡುತ್ತದೆ. ಪ್ರೋಗ್ರಾಂನಲ್ಲಿ ಒಂದೂ ತಪ್ಪಿಲ್ಲ, ಬದಲಾದದ್ದು ಒಂದು ಸಂಖ್ಯೆ ಮಾತ್ರ.

ಇದು ಒಂದೇ ಚರ ಇರುವ ಲೆಕ್ಕ. ದೊಡ್ಡ ಮಾಡೆಲ್‌ಗಳಲ್ಲಿ ಚರಗಳು ಕೋಟಿಗಟ್ಟಲೆ. ಜೊತೆಗೆ ಇಳಿಜಾರು ಕೂಡ ಖಚಿತವಾಗಿ ಗೊತ್ತಾಗುವುದಿಲ್ಲ. ಎಲ್ಲಾ ಡೇಟಾ ಒಟ್ಟಿಗೆ ನೋಡಲು ಆಗದ ಕಾರಣ, ಸ್ವಲ್ಪ ಸ್ಯಾಂಪಲ್ ತೆಗೆದು ಅಂದಾಜು ಮಾಡಬೇಕು. ಅಂದಾಜಿನಲ್ಲಿ ಗದ್ದಲ ಇರುತ್ತದೆ. ಗದ್ದಲ ಇದ್ದರೂ ಕೊನೆಗೆ ಸರಿಯಾದ ಜಾಗಕ್ಕೆ ತಲುಪುತ್ತೇವೆಯೇ ಎಂಬ ಪ್ರಶ್ನೆಗೆ ಅಮೆರಿಕದ ಹರ್ಬರ್ಟ್ ರಾಬಿನ್ಸ್ ಮತ್ತು ಸಟನ್ ಮನ್ರೋ 1951ರಲ್ಲೇ ದಾರಿ ತೋರಿದ್ದರು. ಹೆಜ್ಜೆಗಳು ಚಿಕ್ಕದಾಗುತ್ತಾ ಹೋಗಬೇಕು, ಆದರೆ ಅವುಗಳ ಒಟ್ಟು ಮೊತ್ತ ಅನಂತ ಇರಬೇಕು. ಹೆಜ್ಜೆಗಳ ವರ್ಗಗಳ ಮೊತ್ತ ಮಾತ್ರ ಮಿತಿಯಲ್ಲಿರಬೇಕು. 1, ಅರ್ಧ, ಮೂರನೇ ಒಂದು, ನಾಲ್ಕನೇ ಒಂದು ಎಂಬ ಸರಣಿ ಈ ಎರಡೂ ಷರತ್ತು ಪೂರೈಸುತ್ತದೆ. ಆಗ ಇದಕ್ಕೆ ಮೆಷಿನ್ ಲರ್ನಿಂಗ್ ಎಂಬ ಹೆಸರಿರಲಿಲ್ಲ, ಸಂಖ್ಯಾಶಾಸ್ತ್ರದ ಒಂದು ಪೇಪರ್ ಅಷ್ಟೇ.

ಬೆಂಗಳೂರಿನ ಪ್ರಮೇಯ, ಮುಂಬೈನ ಪ್ರೊಫೆಸರ್

ಈ ಕಥೆಯ ಮುಂದಿನ ಅಧ್ಯಾಯ ಬೆಂಗಳೂರು ಮತ್ತು ಮುಂಬೈಗೆ ಸೇರಿದ್ದು. ವಿವೇಕ್ ಬೋರ್ಕರ್ 1976ರಲ್ಲಿ ಐಐಟಿ ಬಾಂಬೆಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಪಡೆದವರು. 1980ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪಿಎಚ್‌ಡಿ ಮುಗಿಸಿ ಭಾರತಕ್ಕೆ ಮರಳಿದರು. ಬೆಂಗಳೂರಿನ ಐಐಎಸ್‌ಸಿಯಲ್ಲಿದ್ದಾಗ, 1997ರಲ್ಲಿ, ಅವರು ಒಂದು ಚಿಕ್ಕ ಪ್ರಶ್ನೆಗೆ ಉತ್ತರ ಬರೆದರು. ಇಬ್ಬರು ಒಟ್ಟಿಗೆ ಕಲಿಯುತ್ತಿದ್ದಾರೆ, ಒಬ್ಬರ ಕಲಿಕೆ ಇನ್ನೊಬ್ಬರ ಮೇಲೆ ಅವಲಂಬಿಸಿದೆ. ಇಬ್ಬರೂ ಒಂದೇ ವೇಗದಲ್ಲಿ ಹೆಜ್ಜೆ ಹಾಕಿದರೆ ಗೊಂದಲ. ಒಬ್ಬರು ವೇಗವಾಗಿ, ಇನ್ನೊಬ್ಬರು ತೀರಾ ನಿಧಾನವಾಗಿ ಸಾಗಿದರೆ? ವೇಗದವನಿಗೆ ನಿಧಾನದವನು ನಿಂತಂತೆ ಕಾಣುತ್ತಾನೆ. ನಿಧಾನದವನಿಗೆ ವೇಗದವನು ಆಗಲೇ ಗುರಿ ತಲುಪಿದಂತೆ ಕಾಣುತ್ತಾನೆ. ಹೀಗಾದಾಗ ಇಬ್ಬರೂ ಸರಿಯಾದ ಕಡೆ ಸೇರುತ್ತಾರೆ ಎಂಬುದನ್ನು ಸೂಕ್ತ ಷರತ್ತುಗಳಡಿ ಬೋರ್ಕರ್ ಸಾಧಿಸಿ ತೋರಿಸಿದರು. 'ಎರಡು ಕಾಲಮಾನ'ದ ಈ ವಿಧಾನ ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್‌ನಲ್ಲಿ ಬೇಗ ನೆಲೆಯೂರಿತು.

ಇಪ್ಪತ್ತು ವರ್ಷಗಳ ನಂತರ, 2017ರಲ್ಲಿ, ಆಸ್ಟ್ರಿಯಾದ ಲಿಂಜ್‌ನ ಸಂಶೋಧಕರಿಗೆ ಇದೇ ಬೇಕಾಯಿತು. ಕೃತಕ ಚಿತ್ರ ಸೃಷ್ಟಿಸುವ ಗ್ಯಾನ್ ಎಂಬ ಮಾಡೆಲ್‌ನಲ್ಲಿ ಎರಡು ನೆಟ್‌ವರ್ಕ್‌ಗಳು ಒಂದರ ವಿರುದ್ಧ ಒಂದು ಕಲಿಯುತ್ತವೆ. ಒಂದು ನಕಲಿ ಚಿತ್ರ ಬಿಡಿಸುತ್ತದೆ, ಇನ್ನೊಂದು ನಕಲಿಯನ್ನು ಹಿಡಿಯುತ್ತದೆ. ಈ ಜಗಳ ಎಲ್ಲೂ ನೆಲೆ ನಿಲ್ಲದೆ ಹಾಳಾಗುತ್ತಿತ್ತು. ಎರಡಕ್ಕೂ ಬೇರೆ ಬೇರೆ ವೇಗ ಕೊಟ್ಟು, ಬೋರ್ಕರ್ ಅವರ 1997ರ ಫಲಿತಾಂಶವನ್ನು ಆಧರಿಸಿ ಲಿಂಜ್ ತಂಡ ಪರಿಹಾರ ಮುಂದಿಟ್ಟಿತು. ಗ್ಯಾನ್ ಎಂಬ ಕಲ್ಪನೆ ಬಂದದ್ದೇ 2014ರಲ್ಲಿ. ಅದಕ್ಕೂ ಹದಿನೇಳು ವರ್ಷ ಮೊದಲೇ ಬೇಕಾದ ಪ್ರಮೇಯ ಬೆಂಗಳೂರಿನಲ್ಲಿ ಸಿದ್ಧವಿತ್ತು.

ಅರ್ಜಿ ಹಾಕುವವರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಬೋರ್ಕರ್ ಐಐಎಸ್‌ಸಿಯಲ್ಲಿದ್ದದ್ದು ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ. 1999ರಿಂದ 2011ರವರೆಗೆ ಮುಂಬೈ ಟಿಐಎಫ್‌ಆರ್‌ನ ತಂತ್ರಜ್ಞಾನ ಮತ್ತು ಕಂಪ್ಯೂಟರ್ ಸೈನ್ಸ್ ಶಾಲೆಯಲ್ಲಿ. 2011ರಲ್ಲಿ ಸೇರಿದ್ದು ಐಐಟಿ ಬಾಂಬೆಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ. ಶುದ್ಧ ಗಣಿತವಾದ ಈ ಕೆಲಸಕ್ಕೆ ಈ ಮೂರೂ ಕಡೆ 'ಗಣಿತ ವಿಭಾಗ' ಎಂಬ ಹೆಸರಿರಲಿಲ್ಲ. ಗಣಿತ ವಿಭಾಗದ ವೆಬ್‌ಸೈಟ್ ಮಾತ್ರ ನೋಡಿ 'ಇಲ್ಲಿ ಇದು ಇಲ್ಲ' ಎಂದು ವಾಪಸ್ ಬರುವ ವಿದ್ಯಾರ್ಥಿಗೆ ಇಂತಹ ಮಾರ್ಗದರ್ಶಕರು ಕಣ್ಣಿಗೇ ಬೀಳುವುದಿಲ್ಲ.

ಸಾಧನೆಯಲ್ಲೇ ತೂತು!

'ಎಲ್ಲಾ ಕಂಡುಹಿಡಿದಾಗಿದೆ, ಇನ್ನು ಗಣಿತದವರಿಗೆ ಏನು ಕೆಲಸ' ಎನ್ನುವವರಿಗೆ 'ಆಡಮ್' ಉದಾಹರಣೆ ಸಾಕು. ನ್ಯೂರಲ್ ನೆಟ್‌ವರ್ಕ್ ತರಬೇತಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ವಿಧಾನಗಳಲ್ಲಿ ಇದೂ ಒಂದು. 2014ರ ಕೊನೆಗೆ ಹೊರಬಂದ ಇದರ ಮೂಲ ಪೇಪರ್‌ನಲ್ಲಿ, ವಿಧಾನ ಗುರಿ ತಲುಪುತ್ತದೆ ಎಂಬ ಸಾಧನೆಯೂ ಇತ್ತು. 2018ರಲ್ಲಿ ಗೂಗಲ್‌ನಲ್ಲಿದ್ದ ಸಶಾಂಕ್ ರೆಡ್ಡಿ, ಸತ್ಯೇನ್ ಕಾಳೆ ಮತ್ತು ಸಂಜೀವ್ ಕುಮಾರ್ ಆ ಸಾಧನೆಯಲ್ಲೇ ದೋಷ ತೋರಿಸಿದರು. ಒಂದೇ ಚರದ, ತೀರಾ ಸರಳವಾದ ಸಮಸ್ಯೆಯಲ್ಲೂ ಆಡಮ್ ತಪ್ಪು ಉತ್ತರಕ್ಕೆ ಹೋಗಿ ನಿಲ್ಲುವಂತಹ ಉದಾಹರಣೆ ಕಟ್ಟಿದರು. ಆ ವರ್ಷದ ಐಸಿಎಲ್‌ಆರ್ ಸಮ್ಮೇಳನದಲ್ಲಿ ಅತ್ಯುತ್ತಮ ಪೇಪರ್ ಪ್ರಶಸ್ತಿ ಪಡೆದ ಕೃತಿಗಳಲ್ಲಿ ಇದೂ ಒಂದಾಯಿತು. ಇದಕ್ಕೆ ಸೂಪರ್ ಕಂಪ್ಯೂಟರ್ ಬೇಕಿರಲಿಲ್ಲ.

ಬೆಂಗಳೂರಿನದ್ದೇ ಇನ್ನೊಂದು. ಎರಡು ಔಷಧಗಳಲ್ಲಿ ಯಾವುದು ಉತ್ತಮ ಎಂದು, ರೋಗಿಗಳಿಗೆ ಕನಿಷ್ಠ ನಷ್ಟವಾಗುವಂತೆ ಕಂಡುಕೊಳ್ಳುವುದು ಹೇಗೆ? ವಿಲಿಯಂ ಥಾಂಪ್ಸನ್ 1933ರಲ್ಲಿ ಒಂದು ಉಪಾಯ ಸೂಚಿಸಿದ್ದರು. ಇಂದು ಆನ್‌ಲೈನ್ ಜಾಹೀರಾತುಗಳಲ್ಲೂ ಅದೇ ಉಪಾಯ ಓಡುತ್ತದೆ. ಆದರೆ ಅದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿಯಾದ ಗಣಿತದ ಖಾತ್ರಿ ಸಿಗಲು 2012ರವರೆಗೆ ಕಾಯಬೇಕಾಯಿತು. ಆ ವಿಶ್ಲೇಷಣೆ ಕೊಟ್ಟವರು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಶಿಪ್ರಾ ಅಗರ್‌ವಾಲ್ ಮತ್ತು ನವೀನ್ ಗೋಯಲ್. ಸುಮಾರು ಎಂಬತ್ತು ವರ್ಷ ಬಾಕಿ ಉಳಿದಿದ್ದ ಲೆಕ್ಕ ಅದು. ಮೆಷಿನ್ ಲರ್ನಿಂಗ್‌ನಲ್ಲಿ 'ಕೆಲಸ ಮಾಡುತ್ತದೆ, ಆದರೆ ಯಾಕೆ ಅಂತ ಗೊತ್ತಿಲ್ಲ' ಎಂಬ ಇಂತಹ ಬಾಕಿಗಳು ಇನ್ನೂ ಸಾಕಷ್ಟಿವೆ, ಪಿಎಚ್‌ಡಿ ವಿಷಯ ಹುಟ್ಟುವುದೂ ಅಲ್ಲೇ.

ದಕ್ಷಿಣಕ್ಕೆ ಹೋದರೆ: ಟಿಐಎಫ್‌ಆರ್

ಟಿಐಎಫ್‌ಆರ್ 1945ರಲ್ಲಿ ಆರಂಭವಾದದ್ದು ಮುಂಬೈನಲ್ಲಲ್ಲ, ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿ. ಹೋಮಿ ಭಾಭಾ ಆಗ ಅಲ್ಲಿದ್ದರು. ಅದೇ ವರ್ಷ ಸಂಸ್ಥೆ ಮುಂಬೈಗೆ ಬಂತು. ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೇನೋ ಹೌದು, ಆದರೆ ಅರ್ಜಿದಾರರಿಗೆ ಅದಕ್ಕಿಂತ ಮುಖ್ಯವಾದದ್ದು ಇಲ್ಲಿನ ಮೂರು ಬಾಗಿಲುಗಳು.

ಮೊದಲನೆಯದು ಕೊಲಾಬಾದ ಗಣಿತ ಶಾಲೆ. ಇಲ್ಲಿ ನಡೆಯುವುದು ಪ್ರಧಾನವಾಗಿ ಶುದ್ಧ ಗಣಿತ. ಬೀಜಗಣಿತದ ಜ್ಯಾಮಿತಿ, ಸಂಖ್ಯಾ ಸಿದ್ಧಾಂತದಂತಹ ವಿಷಯಗಳಿಗೆ ಇದು ವಿಶ್ವಪ್ರಸಿದ್ಧ. ಮೆಷಿನ್ ಲರ್ನಿಂಗ್ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಗೆ ಬರುವುದು ಅಷ್ಟು ಸರಿಹೊಂದುವುದಿಲ್ಲ. ಎರಡನೆಯದು ಅದೇ ಕ್ಯಾಂಪಸ್‌ನ ತಂತ್ರಜ್ಞಾನ ಮತ್ತು ಕಂಪ್ಯೂಟರ್ ಸೈನ್ಸ್ ಶಾಲೆ. ಸಂಭವನೀಯತೆ, ಮಾಹಿತಿ ಸಿದ್ಧಾಂತ, ಅಲ್ಗಾರಿದಂಗಳ ಸಿದ್ಧಾಂತ, ಕಲಿಕೆಯ ಸಿದ್ಧಾಂತ ಇಲ್ಲಿ ಸಿಗುತ್ತವೆ. ಈ ವಿಷಯದ ಆಸಕ್ತರು ಮೊದಲು ನೋಡಬೇಕಾದ್ದು ಇದನ್ನೇ. ಬಿಇ, ಬಿಟೆಕ್ ಮುಗಿಸಿದವರೂ ನೇರವಾಗಿ ಅರ್ಜಿ ಹಾಕಬಹುದು. ಬೈಕುಲ್ಲಾದ ಸಾಬೂ ಸಿದ್ದಿಕ್ ಎಂಜಿನಿಯರಿಂಗ್ ಕಾಲೇಜಿನಂತಹ ಕಡೆ ಓದಿದವರಿಗೂ ಈ ದಾರಿ ತೆರೆದಿದೆ. ಮೂರನೆಯದು ಬೆಂಗಳೂರಿನ ಯಲಹಂಕ ಭಾಗದಲ್ಲಿರುವ ಟಿಐಎಫ್‌ಆರ್‌ನ ಅನ್ವಯಿಕ ಗಣಿತ ಕೇಂದ್ರ. ಡಿಫರೆನ್ಷಿಯಲ್ ಈಕ್ವೇಶನ್, ಸಂಖ್ಯಾತ್ಮಕ ವಿಧಾನಗಳಿಗೆ ಇದು ಹೆಸರಾಗಿದೆ.

ಮೂರಕ್ಕೂ ಪ್ರವೇಶ ಟಿಐಎಫ್‌ಆರ್ ನಡೆಸುವ 'ಜಿಎಸ್' ಪರೀಕ್ಷೆಯ ಮೂಲಕ. ಬರೆಯುವ ಪೇಪರ್ ಮಾತ್ರ ವಿಷಯಕ್ಕೆ ತಕ್ಕಂತೆ ಬೇರೆ. ಗಣಿತದಲ್ಲಿ ಎಂಎಸ್‌ಸಿ ಮಾಡಿದವರಿಗೆ ಪಿಎಚ್‌ಡಿ, ಬಿಎಸ್‌ಸಿ ಮುಗಿಸಿದವರಿಗೆ ಇಂಟಿಗ್ರೇಟೆಡ್ ಪಿಎಚ್‌ಡಿ ಆಯ್ಕೆ ಇದೆ. ಇಂಟಿಗ್ರೇಟೆಡ್ ಆಯ್ಕೆಯನ್ನು ಬಿಎಸ್‌ಸಿ ವಿದ್ಯಾರ್ಥಿಗಳು ಗಂಭೀರವಾಗಿ ಪರಿಗಣಿಸುವುದು ಒಳ್ಳೆಯದು. ಎಂಎಸ್‌ಸಿಗೆ ಪ್ರತ್ಯೇಕ ಫೀಸು ಕಟ್ಟುವ ಬದಲು ಮೊದಲ ವರ್ಷದಿಂದಲೇ ಸ್ಟೈಪೆಂಡ್ ಸಿಗುತ್ತದೆ.

ಉತ್ತರಕ್ಕೆ ಹೋದರೆ: ಮಾಟುಂಗಾ, ಕುರ್ಲಾ, ಪವಾಯಿ

ಬೈಕುಲ್ಲಾ ಮತ್ತು ತಾಂತ್ರಿಕ ಶಿಕ್ಷಣದ ನಂಟು ಹಳೆಯದು. 1887ರಲ್ಲಿ ಸ್ಥಾಪನೆಯಾದ ವಿಜೆಟಿಐ ಮೊದಲು ನಡೆದದ್ದು ಬೈಕುಲ್ಲಾದಲ್ಲೇ. 1923ರಲ್ಲಿ ಮಾಟುಂಗಾಕ್ಕೆ ಹೋಯಿತು. ಅದೇ ಮಾಟುಂಗಾದಲ್ಲಿ ಐಸಿಟಿ ಇದೆ. ರಾಸಾಯನಿಕ ತಂತ್ರಜ್ಞಾನಕ್ಕೆ ಹೆಸರಾದ ಈ ಸಂಸ್ಥೆಯಲ್ಲಿ ಗಣಿತ ವಿಭಾಗವೂ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಕುರ್ಲಾದಲ್ಲಿ ಇಳಿದರೆ ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್. ಇಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ವಿಭಾಗಗಳಿವೆ, ಪಿಎಚ್‌ಡಿಗೆ ವಿವಿಯದ್ದೇ ಪ್ರವೇಶ ಪರೀಕ್ಷೆ 'ಪೆಟ್' ಇದೆ. ಕಾಲೇಜುಗಳಲ್ಲಿ ಪಾಠ ಮಾಡುತ್ತಾ ಪಿಎಚ್‌ಡಿ ಮಾಡಬೇಕೆನ್ನುವವರಿಗೆ ವಿವಿ ಹೆಚ್ಚು ಅನುಕೂಲ. ಯುಜಿಸಿಯ 2022ರ ನಿಯಮಗಳ ಪ್ರಕಾರ, ಕೆಲಸ ಮಾಡುವ ಸಂಸ್ಥೆಯ ಒಪ್ಪಿಗೆ ಪತ್ರ ಇದ್ದರೆ ಪಾರ್ಟ್‌ಟೈಮ್ ಪಿಎಚ್‌ಡಿಗೂ ಅವಕಾಶವಿದೆ.

1958ರಲ್ಲಿ ಆರಂಭವಾದ ಪವಾಯಿಯ ಐಐಟಿಯಲ್ಲಿ ಆಯ್ಕೆ ಹೆಚ್ಚು, ಗೊಂದಲವೂ ಹೆಚ್ಚು. ಗಣಿತ ವಿಭಾಗವಿದೆ, ಸಂಖ್ಯಾಶಾಸ್ತ್ರವೂ ಅದರೊಳಗೇ ಇದೆ. 'ಸಿ-ಮೈಂಡ್ಸ್' ಎಂದು ಕರೆಯುವ ಮೆಷಿನ್ ಇಂಟೆಲಿಜೆನ್ಸ್ ಮತ್ತು ಡೇಟಾ ಸೈನ್ಸ್ ಕೇಂದ್ರವಿದೆ, ಅದು ಪಿಎಚ್‌ಡಿ ಕೊಡುತ್ತದೆ. ಆಪರೇಷನ್ಸ್ ರಿಸರ್ಚ್, ಸಿಸ್ಟಮ್ಸ್ ಅಂಡ್ ಕಂಟ್ರೋಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ವಿಭಾಗಗಳಲ್ಲೂ ಆಪ್ಟಿಮೈಸೇಶನ್ ಮತ್ತು ಕಲಿಕೆಯ ಗಣಿತದ ಕೆಲಸ ನಡೆಯುತ್ತದೆ. ಆಸ್ಟ್ರೇಲಿಯಾದ ಮೊನಾಶ್ ವಿವಿಯ ಜೊತೆ ಜಂಟಿ ಪಿಎಚ್‌ಡಿ ಕೊಡುವ ಐಐಟಿಬಿ-ಮೊನಾಶ್ ರಿಸರ್ಚ್ ಅಕಾಡೆಮಿಯೂ ಇದೇ ಕ್ಯಾಂಪಸ್‌ನಲ್ಲಿದೆ.

ಪ್ರತಿ ವಿಭಾಗದ ಅರ್ಹತೆ ಬೇರೆ. ಗಣಿತ ಎಂಎಸ್‌ಸಿಯನ್ನು ಎಲ್ಲಾ ಎಂಜಿನಿಯರಿಂಗ್ ವಿಭಾಗಗಳು ಒಂದೇ ರೀತಿ ನೋಡುವುದಿಲ್ಲ. ಕೆಲವು ಕಡೆ ನೇರ ಅರ್ಹತೆ, ಕೆಲವು ಕಡೆ ಗೇಟ್ ಸ್ಕೋರ್ ಕಡ್ಡಾಯ. ಐಐಟಿಯ ಪಿಎಚ್‌ಡಿ ಮಾಹಿತಿ ಪುಸ್ತಿಕೆಯಲ್ಲಿ ಆಯಾ ವಿಭಾಗದ ಪುಟ ಓದಿದ ಮೇಲಷ್ಟೇ ಅರ್ಜಿ ತುಂಬಬೇಕು.

ಯಾವ ಪರೀಕ್ಷೆ ಬರೆಯಬೇಕು?

ಸಿಎಸ್‌ಐಆರ್-ನೆಟ್‌ನ 'ಮ್ಯಾಥಮೆಟಿಕಲ್ ಸೈನ್ಸಸ್' ಪೇಪರ್ ಗಣಿತದವರ ಹೆದ್ದಾರಿ. ಜೆಆರ್‌ಎಫ್ ಸಿಕ್ಕರೆ ಫೆಲೋಶಿಪ್ ಹಣ ಅಭ್ಯರ್ಥಿಯ ಜೊತೆಗೇ ಬರುತ್ತದೆ, ಹಾಗಾಗಿ ಸಂಸ್ಥೆಗಳು ಇಂತಹವರನ್ನು ಸುಲಭವಾಗಿ ಪರಿಗಣಿಸುತ್ತವೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡ ಅಥವಾ ಮರಾಠಿಯಲ್ಲಿ ಇಲ್ಲ.

ಅಣುಶಕ್ತಿ ಇಲಾಖೆಯಡಿ ಬರುವ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ, ಅಂದರೆ ಎನ್‌ಬಿಎಚ್‌ಎಂ, ಗಣಿತ ಪಿಎಚ್‌ಡಿಗಾಗಿಯೇ ವಿದ್ಯಾರ್ಥಿವೇತನ ಪರೀಕ್ಷೆ ನಡೆಸುತ್ತದೆ. ಸ್ಪರ್ಧೆ ಕಠಿಣ, ಆದರೆ ಪ್ರಶ್ನೆಗಳು ಯೋಚಿಸುವಂತಿರುತ್ತವೆ. ಗೇಟ್‌ನಲ್ಲಿ ಗಣಿತಕ್ಕೆ, ಸಂಖ್ಯಾಶಾಸ್ತ್ರಕ್ಕೆ ಪ್ರತ್ಯೇಕ ಪೇಪರ್‌ಗಳಿವೆ. ಐಐಎಸ್‌ಸಿ ಆಯೋಜಿಸಿದ ಗೇಟ್ 2024ರಿಂದ 'ಡೇಟಾ ಸೈನ್ಸ್ ಮತ್ತು ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಪೇಪರ್ ಕೂಡ ಸೇರಿದೆ. ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್ ಅದರ ಸಿಲೆಬಸ್‌ನಲ್ಲೇ ಇರುವುದರಿಂದ, ಸ್ವಲ್ಪ ಪ್ರೋಗ್ರಾಮಿಂಗ್ ಕಲಿತ ಗಣಿತದ ವಿದ್ಯಾರ್ಥಿಗೆ ಇದು ಎಂಜಿನಿಯರಿಂಗ್ ವಿಭಾಗಗಳ ಕಡೆಗೆ ಸೇತುವೆ ಆಗಬಲ್ಲದು.

ಎಂಎಸ್‌ಸಿ ಅಂಕ ಎಷ್ಟಿರಬೇಕು? ಯುಜಿಸಿ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ 55. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಒಬಿಸಿ, ಅಂಗವಿಕಲರು ಮತ್ತು ಆರ್ಥಿಕವಾಗಿ ಹಿಂದುಳಿದ ವರ್ಗದವರಿಗೆ ಶೇ 5 ರಿಯಾಯಿತಿ. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಪಡೆದವರು ಎಂಎಸ್‌ಸಿ ಇಲ್ಲದೆಯೂ ಅರ್ಹರು. ಐಐಟಿಗಳು ತಮ್ಮದೇ ಮಾನದಂಡ ಇಟ್ಟುಕೊಂಡಿರುತ್ತವೆ.

ಐದು ವರ್ಷ, ತಿಂಗಳಿಗೆ ₹37,000

ನಿಜವಾದ ಅಡಚಣೆ ಶುರುವಾಗುವುದು ಇಲ್ಲಿಂದ. 2023ರ ಜನವರಿ 1ರಿಂದ ಅನ್ವಯವಾದ ದರದಂತೆ, ಜೆಆರ್‌ಎಫ್‌ಗೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ನಂತರ ಎಸ್‌ಆರ್‌ಎಫ್ ಆದಾಗ ₹42,000. ಹಾಸ್ಟೆಲ್ ಸಿಗದಿದ್ದರೆ ನಿಯಮದಂತೆ ಮನೆ ಬಾಡಿಗೆ ಭತ್ಯೆ ಬೇರೆ. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ 2018ರಲ್ಲಿ ಘೋಷಣೆಯಾದಾಗ ಮೊದಲೆರಡು ವರ್ಷ ₹70,000, ಮೂರನೇ ವರ್ಷ ₹75,000, ಕೊನೆಯ ಎರಡು ವರ್ಷ ₹80,000 ನಿಗದಿಯಾಗಿತ್ತು. ಜೊತೆಗೆ ವರ್ಷಕ್ಕೆ ₹2 ಲಕ್ಷ ಸಂಶೋಧನಾ ಅನುದಾನ. ಐಐಟಿ ಮತ್ತು ಐಐಎಸ್‌ಸಿಗಳಲ್ಲಿ 5 ವರ್ಷಗಳಲ್ಲಿ 10,000 ಫೆಲೋಶಿಪ್ ಕೊಡುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಹೇಳಲಾಗಿತ್ತು. ಆದರೆ ಇದು ಎಲ್ಲರಿಗೂ ಸಿಗುವಂಥದ್ದಲ್ಲ.

ಮುಂಬೈನಲ್ಲಿ ₹37,000ಕ್ಕೆ ಒಬ್ಬರು ಬದುಕಬಹುದು, ಮನೆಯವರನ್ನು ಸಾಕುವುದು ಕಷ್ಟ. ಅಪ್ಪನ ದುಡಿಮೆಯ ಮೇಲೆ ನಿಂತ ಮನೆಯಲ್ಲಿ ದೊಡ್ಡ ಮಗ ಅಥವಾ ಮಗಳು 22ನೇ ವಯಸ್ಸಿಗೆ ಐಟಿ ಕೆಲಸ ಬಿಟ್ಟು ಪಿಎಚ್‌ಡಿ ಸೇರುತ್ತೇನೆ ಎಂದರೆ ಮನೆಯವರು ಹಿಂದೆಮುಂದೆ ನೋಡುವುದು ಸಹಜ. ಅದಕ್ಕೆ ಬೈಕುಲ್ಲಾದ ವಿಳಾಸವೂ ಒಂದು ಆಸ್ತಿ ಎನ್ನಬಹುದು. ಬೇರೆ ಊರಿನಿಂದ ಬಂದವರು ಬಾಡಿಗೆಗೆ ಕೊಡುವ ಹಣ ಇಲ್ಲಿಯವರಿಗೆ ಉಳಿಯುತ್ತದೆ.

ಇನ್ನೊಂದು ವಿಷಯವನ್ನು ಸೇರುವ ಮೊದಲೇ ತಿಳಿದಿರಬೇಕು. ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮೂಲಕ ಇನ್ನೂ 2 ವರ್ಷ ವಿಸ್ತರಿಸಬಹುದು, ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಹೆಚ್ಚುವರಿ 2 ವರ್ಷದ ರಿಯಾಯಿತಿ ಇದೆ. ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ರಜೆಯೂ ಇದೆ. ಆದರೆ ಫೆಲೋಶಿಪ್ ಇರುವುದು ಸಾಮಾನ್ಯವಾಗಿ 5 ವರ್ಷಕ್ಕೆ. ಸಿದ್ಧಾಂತದ ಕೆಲಸ ವೇಳಾಪಟ್ಟಿ ಕೇಳುವುದಿಲ್ಲ. ಒಂದು ಸಾಧನೆ ಕೂಡಿಬರದೆ ಎಂಟು ತಿಂಗಳು ಹೋಗಬಹುದು. ನಿಯಮ ಆರನೇ ವರ್ಷಕ್ಕೆ ಅವಕಾಶ ಕೊಡುತ್ತದೆ, ಹಣ ಕೊಡುವುದಿಲ್ಲ. ಆರನೇ ವರ್ಷ ಏನು ವ್ಯವಸ್ಥೆ ಎಂಬ ಪ್ರಶ್ನೆಯನ್ನು ಸೇರುವ ಮೊದಲೇ ಮಾರ್ಗದರ್ಶಕರನ್ನು, ಹಿರಿಯ ವಿದ್ಯಾರ್ಥಿಗಳನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಕೋಡಿಂಗ್ ಸರ್ಟಿಫಿಕೇಟ್‌ಗಳ ಕಟ್ಟು ಹಿಡಿದು ಹೋದರೆ ಹೆಚ್ಚು ಪ್ರಯೋಜನವಿಲ್ಲ. ಸಿದ್ಧಾಂತದ ಕಡೆಯ ಸಂದರ್ಶನಗಳಲ್ಲಿ ಅಭ್ಯರ್ಥಿಯ ಇಷ್ಟದ ವಿಷಯ ಯಾವುದು ಎಂದು ಕೇಳಿ, ಅಲ್ಲಿಂದ ಕೆದಕುತ್ತಾ ಹೋಗುವುದು ವಾಡಿಕೆ. ವ್ಯಾಖ್ಯಾನ ಹೇಳಿ, ಉದಾಹರಣೆ ಕೊಡಿ, ಈ ಷರತ್ತು ತೆಗೆದರೆ ಪ್ರಮೇಯ ಸುಳ್ಳಾಗುವ ಉದಾಹರಣೆ ಕೊಡಿ. ಬಹಳಷ್ಟು ಮಂದಿ ಎಡವುವುದು ಮೂರನೆಯದರಲ್ಲಿ. ಎಂಎಸ್‌ಸಿ ಪರೀಕ್ಷೆಗೆ ಪ್ರಮೇಯ ಬಾಯಿಪಾಠ ಮಾಡಿದವರಿಗೆ ಅದು ಎಲ್ಲಿ ಮುರಿಯುತ್ತದೆ ಎಂಬುದು ಗೊತ್ತಿರುವುದಿಲ್ಲ. ಆಡಮ್ ಪ್ರಕರಣದಲ್ಲಿ ಆದದ್ದೂ ಅದೇ ಅಲ್ಲವೇ?

ಓದಬೇಕಾದ್ದು ಮುಖ್ಯವಾಗಿ ಲೀನಿಯರ್ ಆಲ್ಜೀಬ್ರಾ, ರಿಯಲ್ ಅನಾಲಿಸಿಸ್ ಮತ್ತು ಸಂಭವನೀಯತೆ. ಕೊನೆಯದು ಹಲವು ಗಣಿತ ಎಂಎಸ್‌ಸಿ ಕೋರ್ಸ್‌ಗಳಲ್ಲಿ ಐಚ್ಛಿಕ ವಿಷಯವಾಗಿ ಪಕ್ಕಕ್ಕೆ ಸರಿದಿರುತ್ತದೆ; ಆದರೆ ಈ ಕ್ಷೇತ್ರದಲ್ಲಿ ಅದಿಲ್ಲದೆ ಒಂದು ಪುಟ ಮುಂದೆ ಹೋಗಲಾಗುವುದಿಲ್ಲ. ಡೈಸೆನ್‌ರೋತ್, ಫೈಸಲ್ ಮತ್ತು ಓಂಗ್ ಬರೆದ 'ಮ್ಯಾಥಮೆಟಿಕ್ಸ್ ಫಾರ್ ಮೆಷಿನ್ ಲರ್ನಿಂಗ್' ಪುಸ್ತಕವನ್ನು ಕೇಂಬ್ರಿಡ್ಜ್ 2020ರಲ್ಲಿ ಪ್ರಕಟಿಸಿದೆ, ಪಿಡಿಎಫ್ ಉಚಿತ. ಇದು ಆರಂಭಕ್ಕೆ ಒಳ್ಳೆಯದು, ಪಿಎಚ್‌ಡಿ ಸಂದರ್ಶನಕ್ಕೆ ಇದೊಂದೇ ಸಾಲದು. ಎನ್‌ಪಿಟಿಇಎಲ್‌ನಲ್ಲಿ ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿ ಸಿಗುತ್ತವೆ.

ಇನ್ನೂ ಪದವಿಯಲ್ಲಿರುವವರಿಗೆ ಎಂಟಿಟಿಎಸ್ ಎಂಬ ಬೇಸಿಗೆ ಶಿಬಿರವಿದೆ. ಮುಂಬೈ ವಿವಿಯಲ್ಲಿ ಗಣಿತ ಪ್ರಾಧ್ಯಾಪಕರಾಗಿದ್ದ ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಕಾರ್ಯಕ್ರಮ ಇದು. ಬಾಯಿಪಾಠ ಬಿಡಿಸಿ ಯೋಚಿಸುವುದನ್ನು ಕಲಿಸುವುದೇ ಇದರ ಹೆಸರುವಾಸಿ. ಟಿಐಎಫ್‌ಆರ್‌ನ ಬೇಸಿಗೆ ಕಾರ್ಯಕ್ರಮ ವಿಎಸ್‌ಆರ್‌ಪಿಗೂ ಅರ್ಜಿ ಹಾಕಬಹುದು. ಪಿಎಚ್‌ಡಿ ತಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಎರಡು ತಿಂಗಳ ಇಂತಹ ಅನುಭವ, ಐದು ವರ್ಷ ಕೊಟ್ಟು ಕಲಿಯುವುದಕ್ಕಿಂತ ಅಗ್ಗ.

ಮಾರ್ಗದರ್ಶಕರನ್ನು ಹುಡುಕಲು ವಿಭಾಗದ ಹೆಸರಿಗಿಂತ ಅವರ ಇತ್ತೀಚಿನ ಎರಡು ಪೇಪರ್ ನೋಡುವುದು ಸರಿಯಾದ ಕ್ರಮ. ಆರ್ಕೈವ್ ತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಪೇಪರ್‌ನ ಪೀಠಿಕೆಯಷ್ಟಾದರೂ ಅರ್ಥವಾದರೆ, ಅದರ ಬಗ್ಗೆ ಒಂದು ನಿರ್ದಿಷ್ಟ ಪ್ರಶ್ನೆ ಇಟ್ಟು ಇಮೇಲ್ ಬರೆಯಬಹುದು. 'ಗೌರವಾನ್ವಿತ ಸರ್, ನನಗೆ ಎಐನಲ್ಲಿ ತೀವ್ರ ಆಸಕ್ತಿ' ಎಂದು ಐವತ್ತು ಜನರಿಗೆ ಒಟ್ಟಿಗೆ ಕಳಿಸಿದ ಇಮೇಲ್‌ಗೆ ಉತ್ತರ ಬರದಿದ್ದರೆ ಬೇಸರ ಪಡಬೇಕಿಲ್ಲ.

ಕರ್ನಾಟಕಕ್ಕೆ ಮರಳುವುದಾದರೆ

ಸಿಎಸ್‌ಎಂಟಿಯಿಂದ ಬೈಕುಲ್ಲಾ ಹಾದು ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಲು ತಯಾರಿದ್ದರೆ ಅವಕಾಶ ಇನ್ನೂ ವಿಸ್ತಾರ. ಐಐಎಸ್‌ಸಿಯಲ್ಲಿ ಗಣಿತ, ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಶನ್, ಕಂಪ್ಯೂಟೇಶನಲ್ ಅಂಡ್ ಡೇಟಾ ಸೈನ್ಸಸ್ ವಿಭಾಗಗಳಿವೆ. ಗಣಿತವನ್ನು ಇತರ ಕ್ಷೇತ್ರಗಳ ಜೊತೆ ಬೆಸೆಯುವ ಅಂತರಶಿಸ್ತೀಯ ಪಿಎಚ್‌ಡಿ ಕೂಡ ಇದೆ. ಮೈಸೂರು ರಸ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ, ಐಎಸ್‌ಐನ ಬೆಂಗಳೂರು ಕೇಂದ್ರವಿದೆ. ಸಂಭವನೀಯತೆಯಲ್ಲಿ ಗಟ್ಟಿ ಬುನಾದಿ ಬೇಕೆನ್ನುವವರಿಗೆ ಇದು ಉತ್ತಮ ಆಯ್ಕೆ. 2016ರಲ್ಲಿ ಆರಂಭವಾದ ಧಾರವಾಡದ ಐಐಟಿಯೂ ಇದೆ.

ಐಎಸ್‌ಐ ಹೆಸರು ಬಂದಾಗ ಸಿ.ಆರ್. ರಾವ್ ಅವರನ್ನು ನೆನೆಯದಿರಲಾಗದು. ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಹುಟ್ಟಿದ ಅವರು, 1945ರಲ್ಲಿ ಬರೆದ ಒಂದೇ ಪೇಪರ್‌ನಲ್ಲಿ ಮೂರು ದೊಡ್ಡ ವಿಚಾರಗಳಿದ್ದವು. ಡೇಟಾದಿಂದ ಮಾಡುವ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬ ಮಿತಿ, ಅಂದಾಜನ್ನು ಉತ್ತಮಪಡಿಸುವ ದಾರಿ ಮತ್ತು ಸಂಭವನೀಯತೆಗಳ ನಡುವೆ 'ದೂರ' ಅಳೆಯುವ ಜ್ಯಾಮಿತಿ. ಮೂರನೆಯದರ ಮೇಲೆ ಬೆಳೆದ ಮಾಹಿತಿ ಜ್ಯಾಮಿತಿಯಿಂದಲೇ ಜಪಾನಿನ ಶುನ್-ಇಚಿ ಅಮಾರಿ 1998ರಲ್ಲಿ ನ್ಯೂರಲ್ ನೆಟ್‌ವರ್ಕ್ ತರಬೇತಿಗೆ 'ನ್ಯಾಚುರಲ್ ಗ್ರೇಡಿಯಂಟ್' ವಿಧಾನ ವಿವರಿಸಿದರು. ರಾವ್ ಅವರಿಗೆ 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ನಿಧನರಾದರು.

ಇಂತಹ ರಾವ್ ಮೊದಲು ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಸಂಶೋಧನೆಗೆ ವಿದ್ಯಾರ್ಥಿವೇತನ ಕೇಳಿದ್ದರು. ಅರ್ಜಿ ತಡವಾಗಿ ತಲುಪಿತು ಎಂದು ತಿರಸ್ಕೃತವಾಯಿತು. ಸೇನೆಯ ಸರ್ವೆ ಘಟಕದ ಕೆಲಸಕ್ಕೆಂದು ಕೋಲ್ಕತ್ತಾಗೆ ಹೋದರು, ಅದೂ ಸಿಗಲಿಲ್ಲ. ಆ ಊರಿನಲ್ಲಿ ಐಎಸ್‌ಐ ಬಗ್ಗೆ ತಿಳಿದು ತರಬೇತಿಗೆ ಸೇರಿಕೊಂಡರು.

ಅರ್ಜಿ ಹಾಕುವ ಸಮಯ

ಮುಂದಿನ ಆಗಸ್ಟ್‌ಗೆ ಸೇರಬೇಕೆಂದರೆ ತಯಾರಿ ಹಿಂದಿನ ವರ್ಷದ ಸೆಪ್ಟೆಂಬರ್‌ನಿಂದಲೇ ಆಗಬೇಕು. ಟಿಐಎಫ್‌ಆರ್ ಜಿಎಸ್ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ ನಡೆಯುತ್ತದೆ, ಅರ್ಜಿ ಅದಕ್ಕೂ ತಿಂಗಳುಗಳ ಮೊದಲೇ. ಗೇಟ್ ಫೆಬ್ರವರಿಯಲ್ಲಿ, ಅದರ ನೋಂದಣಿ ಹಿಂದಿನ ಆಗಸ್ಟ್-ಸೆಪ್ಟೆಂಬರ್ ಆಸುಪಾಸು. ಐಎಸ್‌ಐ ಪರೀಕ್ಷೆ ಮೇ ತಿಂಗಳಲ್ಲಿ. ಸಿಎಸ್‌ಐಆರ್-ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ, ಆದರೆ ದಿನಾಂಕ ಹಲವು ಬಾರಿ ಮುಂದೆ ಹೋಗಿದೆ. ಐಐಟಿ ಬಾಂಬೆ ಜುಲೈ ಮತ್ತು ಜನವರಿ ಸೆಮಿಸ್ಟರ್‌ಗಳಿಗೆ ಪ್ರತ್ಯೇಕವಾಗಿ ಅರ್ಜಿ ಕರೆಯುತ್ತದೆ, ಆದರೆ ಎಲ್ಲಾ ವಿಭಾಗಗಳು ಎರಡೂ ಬಾರಿ ಸೇರಿಸಿಕೊಳ್ಳಬೇಕೆಂದಿಲ್ಲ. ಶಿಫಾರಸು ಪತ್ರ ಬರೆಯುವ ಪ್ರಾಧ್ಯಾಪಕರಿಗೆ ಕನಿಷ್ಠ ಮೂರು ವಾರ ಮೊದಲೇ ಹೇಳಬೇಕು, ಮತ್ತು ಜಾತಿ, ಆದಾಯ ಪ್ರಮಾಣಪತ್ರಗಳು ಕೇಂದ್ರ ಸರ್ಕಾರದ ನಮೂನೆಯಲ್ಲಿ, ಚಾಲ್ತಿ ವರ್ಷದ್ದೇ ಇವೆಯೇ ಎಂದು ಅರ್ಜಿ ಶುರುವಾಗುವ ಮೊದಲೇ ನೋಡಿಕೊಳ್ಳಬೇಕು.